ಕೌಜಲಗಿಯ ಪಾರಿಜಾತವೂ ಬಣ್ಣದ ವಿಚಾರವೂ

ಗೋಕಾಕ ಸೀಮೆಯ ಹೆಸರು ಬಂದೊಡನೆ ನಮ್ಮ ವಾಚಕರಿಗೆ ನೆನಪಾಗುವುದು ಘಟಪ್ರಭೆಯ ಜಲಪಾತ, ಕರದಂಟು, ಬಣ್ಣದ ಕಟ್ಟಿಗೆಯ ಗೊಂಬೆಗಳು. ಈ ಮೂರರ ಸಾಲಿನಲ್ಲಿ ಸೇರಬೇಕಾದ ನಾಲ್ಕನೆಯದೊಂದಿದೆ. ಅದು ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣನ ಕೃತಿಯಾಗಿ ಹುಟ್ಟಿದ ಈ ಆಟವನ್ನು ರಂಗಕ್ಕೆ ಒಗ್ಗಿಸಿ, ಹಾಡಿನ ಮಟ್ಟುಗಳನ್ನು ಕೂಡಿಸಿ, ಊರೂರಿಗೆ ಹಬ್ಬಿಸಿದ ಕೀರ್ತಿ ಕುಲಗೋಡ ತಮ್ಮಣ್ಣನಿಗೆ ಸಲ್ಲುತ್ತದೆ. ಕುಲಗೋಡ ಈ ಸೀಮೆಯದೇ ಊರು. ಅದರ ನೆರೆಯ ಕೌಜಲಗಿ ಪಾರಿಜಾತಕ್ಕೆ ಒಬ್ಬ ಕಲಾವಿದೆಯನ್ನು ಕೊಟ್ಟಿತು. ಗಂಡಸರೇ ಹೆಣ್ಣುವೇಷ ಕಟ್ಟುತ್ತಿದ್ದ ಈ ಆಟಕ್ಕೆ ಹೆಣ್ಣುಮಕ್ಕಳು ಬಂದಾಗ ಮೊದಲ ಸಾಲಿನಲ್ಲಿ ನಿಂತು ಹೆಸರು ಗಳಿಸಿದವರು ಕೌಜಲಗಿ ನಿಂಗಮ್ಮ. ಊರಿನ ಹೆಸರು ವ್ಯಕ್ತಿಯ ಹೆಸರಿಗೆ ಅಂಟಿಕೊಳ್ಳುವುದು ನಮ್ಮ ಭಾಗದಲ್ಲಿ ಸಾಮಾನ್ಯ. ಆದರೆ ಒಬ್ಬ ಹೆಣ್ಣುಮಗಳ ಹೆಸರಿನಿಂದ ಊರನ್ನು ಗುರುತಿಸುವುದು ಅಪರೂಪ. ಪಾರಿಜಾತವನ್ನು ಬಲ್ಲ ಹಿರಿಯರ ನಡುವೆ ಕೌಜಲಗಿ ಎಂದರೆ ಸಾಕು, ಅವರು ನಿಂಗಮ್ಮನವರ ಮಾತಿಗೇ ಬರುತ್ತಾರೆ.

ಪಾರಿಜಾತದ ಸಾಹಿತ್ಯದ ಕುರಿತು, ಸಂಗೀತದ ಕುರಿತು ಬಲ್ಲವರು ಬರೆದಿದ್ದಾರೆ. ಪ್ರಸ್ತುತ ಲೇಖನದ ವಿಷಯ ಅದಲ್ಲ. ಆಟಕ್ಕೆ ಮುನ್ನ ಚೌಕಿಯಲ್ಲಿ ನಡೆಯುವ ಕೆಲಸ, ಎಂದರೆ ಮುಖಕ್ಕೆ ಬಣ್ಣ ಹಚ್ಚುವ ಕೆಲಸವನ್ನು ನಮ್ಮ ಜನ ಹೇಗೆ ಕಂಡರು, ಆ ಬಣ್ಣ ನೋಡುಗರನ್ನು ಸೆಳೆದ ಬಗೆ ಯಾವುದು, ಬಣ್ಣ ಹಚ್ಚಿದ ಹೆಣ್ಣಿಗೆ ಸಮಾಜ ಕೊಟ್ಟ ಸ್ಥಾನ ಯಾವುದು ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ. ಮಠದ ಪತ್ರಿಕೆಯಲ್ಲಿ ಇಂತಹ ವಿಷಯವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ನಮ್ಮ ಜಾತ್ರೆಗಳ ರಾತ್ರಿಗಳನ್ನು ಬೆಳಗಿಸಿದ ಆಟಗಳ ಚರಿತ್ರೆ ಮಠದ ಚರಿತ್ರೆಯಿಂದ ಹೊರಗಿನದಲ್ಲ ಎಂಬುದೇ ಅದಕ್ಕೆ ಉತ್ತರ.

ಮೊದಲು ಮಾತಿನ ವಿಚಾರ. ‘ಬಣ್ಣ’ವೆಂಬುದು ಸಂಸ್ಕೃತದ ‘ವರ್ಣ’ ಶಬ್ದದ ತದ್ಭವ. ಒಂದೇ ಮೂಲದಿಂದ ಮುಖಕ್ಕೆ ಬಳಿಯುವ ರಂಗೂ ಬಂದಿದೆ, ಮನುಷ್ಯರನ್ನು ಮೇಲು–ಕೀಳೆಂದು ಒಡೆಯುವ ವರ್ಣವ್ಯವಸ್ಥೆಯೂ ಬಂದಿದೆ, ಬರೆಯುವ ಅಕ್ಷರವೂ ಬಂದಿದೆ. ಆಡುಮಾತಿನಲ್ಲಿ ‘ಬಣ್ಣ ಹಚ್ಚಿದ’ ಎಂದರೆ ನಾಟಕದಲ್ಲಿ ಪಾತ್ರ ಮಾಡಿದ ಎಂದರ್ಥ, ಅದರಲ್ಲಿ ನಿಂದೆಯಿಲ್ಲ. ‘ಬಣ್ಣದ ಮಾತು’ ಎಂದರೆ ನಂಬಲಾಗದ ಮಾತು. ‘ಬಣ್ಣ ಬಯಲಾಯಿತು’ ಎಂದರೆ ಮೋಸ ಹೊರಬಿತ್ತು. ಹೀಗೆ ಒಂದೇ ಪದದಲ್ಲಿ ಕಲೆಯ ಗೌರವವೂ ಕಪಟದ ಶಂಕೆಯೂ ಒಟ್ಟಿಗೆ ವಾಸಿಸುತ್ತಿವೆ. ರಂಗದ ಮೇಲಿನ ಹೆಣ್ಣಿನ ಬಾಳಿನಲ್ಲಿಯೂ ಇವೆರಡೂ ಬೇರ್ಪಡಲಿಲ್ಲ.

ಈಗ ಚೌಕಿಯೊಳಗೆ ಇಣುಕಿ ನೋಡೋಣ. ನಮ್ಮ ಬಯಲಾಟಗಳಲ್ಲಿ ಹಿಂದೆ ಬಳಕೆಯಲ್ಲಿದ್ದ ಬಣ್ಣಗಳು ಅಂಗಡಿಯ ಡಬ್ಬಿಯಿಂದ ಬಂದವಲ್ಲ. ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳಿಗೆ ಸಫೇತ, ಕಪ್ಪಿಗೆ ದೀಪದ ಕಾಡಿಗೆ. ಇವುಗಳನ್ನು ನುಣ್ಣಗೆ ಅರೆದು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮುಖಕ್ಕೆ ತೀಡುತ್ತಿದ್ದರು. ಅರದಾಳ ಆರ್ಸೆನಿಕ್ ಮತ್ತು ಗಂಧಕದ ಸಂಯುಕ್ತ. ಇಂಗಳೀಕ ಪಾದರಸ ಮತ್ತು ಗಂಧಕದ್ದು. ಎರಡೂ ಆರೋಗ್ಯಕ್ಕೆ ಒಳ್ಳೆಯವಲ್ಲ. ರಾತ್ರಿಯ ಮೇಲೆ ರಾತ್ರಿ, ವರ್ಷದ ಮೇಲೆ ವರ್ಷ ಇವುಗಳನ್ನು ಮುಖದ ಮೇಲೆ ಹೊತ್ತವರು ನೋಡುಗರ ಸಂತೋಷಕ್ಕಾಗಿ ತಮ್ಮ ಚರ್ಮವನ್ನೇ ಒತ್ತೆಯಿಟ್ಟರು. ಬೆಳಗಿನ ಜಾವ ಆಟ ಮುಗಿದ ಮೇಲೆ ಅದೇ ಎಣ್ಣೆ ಹಚ್ಚಿ, ಬಟ್ಟೆಯಿಂದ ತಿಕ್ಕಿ ಬಣ್ಣ ತೆಗೆಯಬೇಕು. ಹೊತ್ತೇರಿದ ಮೇಲೆ ಎಂದಿನ ಹೊಲಮನೆಯ ಕೆಲಸ ಕಾದಿರುತ್ತದೆ.

ಇಷ್ಟು ದಟ್ಟವಾಗಿ ಬಣ್ಣ ಬಳಿಯುತ್ತಿದ್ದುದೇಕೆ? ಚೆಲುವಾಗಿ ಕಾಣಲೆಂದು ಎಂಬ ಉತ್ತರ ಅರ್ಧ ಮಾತ್ರ ಸರಿ. ಬೆಳಕಿನ ವ್ಯವಸ್ಥೆಯನ್ನು ಗಮನಿಸಿದರೆ ಉಳಿದರ್ಧ ತಿಳಿಯುತ್ತದೆ. ಗ್ಯಾಸಬತ್ತಿ ಬರುವುದಕ್ಕಿಂತ ಮುಂಚೆ ಎಣ್ಣೆಯ ಹಿಲಾಲುಗಳ ಬೆಳಕಿನಲ್ಲಿ ಆಟ ನಡೆಯುತ್ತಿತ್ತು. ಆ ಬೆಳಕು ಹಳದಿ–ಕೆಂಪು. ಅದರಲ್ಲಿ ನೀಲಿ ಕಪ್ಪಾಗಿ ಕಾಣುತ್ತದೆ, ಕೆಂಪು ಮತ್ತು ಹಳದಿ ಅರಳುತ್ತವೆ. ಬಯಲಿನಲ್ಲಿ ಕಂಬಳಿ ಹಾಸಿ ದೂರ ಕುಳಿತವನಿಗೆ ಹುಬ್ಬು, ಕಣ್ಣು, ತುಟಿಗಳ ಚಲನೆ ಕಾಣಬೇಕಾದರೆ ಮುಖ ಬೆಳ್ಳಗಿರಬೇಕು, ಅದರ ಮೇಲಿನ ಗೆರೆ ಕಪ್ಪಗಿರಬೇಕು. ಆದ್ದರಿಂದ ಬಣ್ಣದ ಮೊದಲ ಕೆಲಸ ಆಕರ್ಷಿಸುವುದಲ್ಲ, ಕಾಣಿಸುವುದು. ಕತ್ತಲೆಯಲ್ಲಿ ಒಂದು ಮುಖವನ್ನು ಸಾವಿರ ಜನರ ಕಣ್ಣಿಗೆ ಮುಟ್ಟಿಸುವ ಉಪಾಯವದು. ಜರ್ಮನಿಯ ಲುಡ್ವಿಗ್ ಲೈಖ್ನರ್ ಎಂಬ ಗಾಯಕ 1873ರಲ್ಲಿ ಬರ್ಲಿನ್ ನಗರದಲ್ಲಿ ಕೊಬ್ಬು ಬೆರೆಸಿದ ಬಣ್ಣದ ಕಡ್ಡಿಗಳನ್ನು ತಯಾರಿಸಲಾರಂಭಿಸಿದುದೂ ರಂಗದೀಪ ಬದಲಾಗುತ್ತಿದ್ದ ಕಾಲದಲ್ಲಿಯೇ. ವಿದ್ಯುದ್ದೀಪ ಬಂದ ಮೇಲೆ ಹಳೆಯ ಬಣ್ಣ ಮುಖದ ಮೇಲೆ ಸುಣ್ಣ ಬಳಿದಂತೆ ಕಾಣತೊಡಗಿತು, ಬಣ್ಣ ತೆಳುವಾಯಿತು.

ದೊಡ್ಡಾಟಕ್ಕೂ ಪಾರಿಜಾತಕ್ಕೂ ಇಲ್ಲಿ ಒಂದು ಭೇದವಿದೆ. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ, ಎದೆಹಾರಗಳ ಭಾರವೇ ಪಾತ್ರ. ಮನುಷ್ಯನ ಮುಖ ಅದರಡಿ ಮರೆಯಾಗುತ್ತದೆ. ಸಣ್ಣಾಟಗಳ ಬಳಗಕ್ಕೆ ಸೇರುವ ಪಾರಿಜಾತದಲ್ಲಿ ವೇಷ ಬಹುಮಟ್ಟಿಗೆ ಮನೆಯ ಉಡುಗೆಗೆ ಹತ್ತಿರ. ಸೀರೆ, ಕುಪ್ಪಸ, ಮೂಗುತಿ, ದಂಡೆ. ದ್ವಾರಕೆಯ ರಾಣಿಯಾದರೂ ಸತ್ಯಭಾಮೆ ನಮ್ಮ ಗೌಡರ ಮನೆಯ ಸೊಸೆಯಂತೆ ಕಾಣುತ್ತಾಳೆ. ನೋಡುಗನಿಗೂ ಪಾತ್ರಕ್ಕೂ ನಡುವಿನ ದೂರ ಇಲ್ಲಿ ಕಡಿಮೆ. ಈ ಸಾಮೀಪ್ಯವೇ ಪಾರಿಜಾತದ ಸೆಳೆತ. ಕಲಾವಿದೆಯರ ಪಾಲಿಗೆ ತೊಂದರೆಯೂ ಅದರಿಂದಲೇ ಆಯಿತು ಎಂಬುದನ್ನು ಮುಂದೆ ನೋಡೋಣ.

ಕಥೆಯ ತಿರುಳಾದರೂ ಏನು? ನಾರದನು ದೇವಲೋಕದ ಒಂದೇ ಒಂದು ಪಾರಿಜಾತದ ಹೂವನ್ನು ತಂದು ಕೃಷ್ಣನಿಗೆ ಕೊಡುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಮುಡಿಸುತ್ತಾನೆ. ಸುದ್ದಿ ಸತ್ಯಭಾಮೆಯ ಕಿವಿಗೆ ಬೀಳುತ್ತದೆ. ಒಂದು ಹೂವಿನ ಜಗಳ, ಅಷ್ಟೇ. ಆದರೆ ಸಂಸಾರ ಮಾಡಿದವರೆಲ್ಲರೂ ಬಲ್ಲರು, ಜಗಳ ಹೂವಿನದಲ್ಲ. ತನಗಿಂತ ಇನ್ನೊಬ್ಬಳು ಅವನ ಕಣ್ಣಿಗೆ ಚೆಲುವೆಯಾದಳೆ ಎಂಬ ಪ್ರಶ್ನೆಯದು. ಪುರಾಣದ ಸತ್ಯಭಾಮೆ ಆಗ ಮಾಡುವುದೇನೆಂದರೆ ತೊಟ್ಟ ಆಭರಣಗಳನ್ನು ಕಿತ್ತೆಸೆದು, ಮುಡಿ ಬಿಚ್ಚಿ, ಮುನಿಸಿನ ಮನೆ ಸೇರುತ್ತಾಳೆ. ಸಿಂಗಾರ ಮಾಡಿಕೊಂಡು ಗಂಡನನ್ನು ಒಲಿಸುವ ಹೆಣ್ಣು ಎಲ್ಲ ಕಾವ್ಯಗಳಲ್ಲಿಯೂ ಇದ್ದಾಳೆ. ಸಿಂಗಾರವನ್ನು ಕಳಚಿ ಗಂಡನನ್ನು ಕಾಲಿಗೆ ಬೀಳಿಸಿಕೊಂಡವಳು ಸತ್ಯಭಾಮೆ. ಅಲಂಕಾರ ಅವರಿಬ್ಬರ ನಡುವೆ ಒಂದು ಭಾಷೆ. ತೊಟ್ಟರೆ ಒಂದು ಅರ್ಥ, ಕಳಚಿದರೆ ಇನ್ನೊಂದು. ಅವಳನ್ನು ಸಮಾಧಾನಪಡಿಸಲು ಬರುವ ಕೃಷ್ಣನಾದರೂ ಕಪಟವೇಷ ಕಟ್ಟುವುದರಲ್ಲಿ ನಿಸ್ಸೀಮ. ತುಲಾಭಾರದ ಕಥೆಯಲ್ಲಿ ಇದೇ ಸತ್ಯಭಾಮೆಯ ಒಡವೆಗಳೆಲ್ಲವೂ ತಕ್ಕಡಿಯ ಒಂದು ತಟ್ಟೆಯಲ್ಲಿ ಬಿದ್ದು ಸೋಲುತ್ತವೆ, ರುಕ್ಮಿಣಿ ಇಟ್ಟ ಒಂದು ತುಳಸಿದಳ ಗೆಲ್ಲುತ್ತದೆ. ನಮ್ಮ ಜನರಿಗೆ ತುಲಾಭಾರದ ನೀತಿ ಗೊತ್ತು. ಆದರೂ ರಾತ್ರಿಯಿಡೀ ನಿದ್ದೆಗೆಟ್ಟು ನೋಡಿದ್ದು ಸತ್ಯಭಾಮೆಯ ಮುನಿಸನ್ನು.

ಈ ಕಥೆ ವೈಷ್ಣವರದು. ನೋಡಿದವರಲ್ಲಿ ಬಹುಮಂದಿ ಕೊರಳಲ್ಲಿ ಇಷ್ಟಲಿಂಗ ಧರಿಸಿದವರು. ಕೃಷ್ಣನ ಆಟವೆಂದು ಯಾವ ಲಿಂಗವಂತ ಒಕ್ಕಲಿಗನೂ ಕಂಬಳಿ ಮಡಚಿಕೊಂಡು ಎದ್ದು ಹೋಗಲಿಲ್ಲ. ಇದನ್ನು ಉತ್ತರ ಕರ್ನಾಟಕದ ಹಳ್ಳಿಯ ದೊಡ್ಡ ಗುಣವೆಂದೇ ನಾವು ಭಾವಿಸುತ್ತೇವೆ.

ಶರಣಧರ್ಮ ಅಲಂಕಾರವನ್ನು ಹೇಗೆ ಕಂಡಿತೆಂಬ ಪ್ರಶ್ನೆಗೆ ಬರೋಣ. ಶರಣರು ಹುಟ್ಟಿ ಬೆಳೆದ ಕಾಲವನ್ನು ಒಮ್ಮೆ ನೆನೆಯಬೇಕು. ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾದುದು 1117ರಲ್ಲಿ. ಅಲ್ಲಿಯ ದರ್ಪಣಸುಂದರಿ ಕನ್ನಡಿ ಹಿಡಿದು ತನ್ನ ಚೆಲುವನ್ನು ತಾನೇ ನೋಡುತ್ತ ನಿಂತಿದ್ದಾಳೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಭೋಗಗಳನ್ನು ಎಣಿಸುವಾಗ ಅಭ್ಯಂಗ, ಸ್ನಾನ, ಮೈಗೆ ಪೂಸುವ ಗಂಧಲೇಪನ, ತಾಂಬೂಲ, ವಸ್ತ್ರ, ಭೂಷಣಗಳಿಗೆ ಒಂದೊಂದಕ್ಕೂ ಬೇರೆಬೇರೆ ಪ್ರಕರಣವೇ ಇದೆ. ಋತುವಿಗೆ ತಕ್ಕಂತೆ ಲೇಪನ ಬದಲಾಗಬೇಕೆಂಬ ವಿವರವೂ ಇದೆ. ಇಷ್ಟು ಸಿಂಗಾರದ ರಾಜಧಾನಿಯಲ್ಲಿ ಕೆಲವೇ ದಶಕಗಳ ನಂತರ ಶರಣರು ಭಸ್ಮವನ್ನು ಹಣೆಗೆ ಧರಿಸಿ ಅದನ್ನೇ ಭೂಷಣವೆಂದರು. ಅಷ್ಟಾವರಣಗಳಲ್ಲಿ ವಿಭೂತಿಗೂ ರುದ್ರಾಕ್ಷಿಗೂ ಸ್ಥಾನವಿದೆ, ಗಂಧಕ್ಕೂ ಕಸ್ತೂರಿಗೂ ಇಲ್ಲ. ಅರಸನಿಗೂ ಕೂಲಿಗೂ ಒಂದೇ ಬಣ್ಣ, ಗಂಡಿಗೂ ಹೆಣ್ಣಿಗೂ ಒಂದೇ ಬಣ್ಣ, ಅದೂ ಉರಿದುಳಿದ ಬೂದಿಯದು. ವರ್ಣಗಳನ್ನು ನಿರಾಕರಿಸಿದವರು ಆರಿಸಿಕೊಂಡ ಈ ಒಂದೇ ಬಣ್ಣದ ಔಚಿತ್ಯವನ್ನು ಓದುಗರು ಗಮನಿಸದೆ ಇರಲಾರರು.

ಆದರೆ ಶರಣರು ಬಣ್ಣದ ಜನರನ್ನು ದೂರವಿಟ್ಟರೆ? ಇಲ್ಲ. ಬಹುರೂಪಿ ಚೌಡಯ್ಯನ ಕಾಯಕವೇ ಬಗೆಬಗೆಯ ವೇಷ ಕಟ್ಟಿ ಆಡುವುದು. ರೇಕಣ್ಣಪ್ರಿಯ ನಾಗಿನಾಥ ಎಂಬ ಅಂಕಿತದಲ್ಲಿ ವಚನ ಬರೆದ ಆ ಶರಣ ತನ್ನ ಕಸುಬಿನ ಪರಿಭಾಷೆಯನ್ನೇ ಅನುಭಾವದ ಪರಿಭಾಷೆಯನ್ನಾಗಿ ಮಾಡಿಕೊಂಡ. ನಗೆಯ ಮಾರಿತಂದೆಗೆ ಜನರನ್ನು ನಗಿಸುವುದೇ ಕಾಯಕ. ಕನ್ನಡಿ ಕಾಯಕದ ಅಮ್ಮಿದೇವಯ್ಯ ಕ್ಷೌರಿಕ. ಪರರ ಮುಖಕ್ಕೆ ಕನ್ನಡಿ ಹಿಡಿಯುವುದು ಅವನ ಪಾಲಿಗೆ ಬಂದ ಸೇವೆ. ಕನ್ನಡಿ, ವೇಷ, ನಗೆ ಈ ಮೂರೂ ಕಾಯಕವಾಗಬಲ್ಲವೆಂದು ಒಪ್ಪಿದ ಧರ್ಮ ನಮ್ಮದು. ಸೂಳೆ ಸಂಕವ್ವೆಯ ಒಂದೇ ಒಂದು ವಚನ ನಮಗೆ ದೊರೆತಿದೆ. ರೂಪವನ್ನೇ ನಂಬಿ ಬದುಕಬೇಕಾದ ವೃತ್ತಿಯಲ್ಲಿದ್ದೂ ಆಕೆ ಆ ವೃತ್ತಿಯ ನಿಯತ್ತನ್ನು ವ್ರತದ ನಿಷ್ಠೆಗೆ ಸಮನಾಗಿ ನಿಲ್ಲಿಸಿ ಮಾತನಾಡಿದ್ದಾಳೆ. ನಿರ್ಲಜ್ಜೇಶ್ವರನೆಂಬ ಆಕೆಯ ಅಂಕಿತದಲ್ಲಿರುವ ಎದೆಗಾರಿಕೆಯನ್ನು ಕಂಡೂ ಆಕೆಯ ಹೆಸರನ್ನು ಪಿಸುಮಾತಿನಲ್ಲಿ ಹೇಳುವವರಿದ್ದಾರೆ. ವಚನ ಸಂಪುಟಗಳು ಹಾಗೆ ಪಿಸುಗುಟ್ಟಲಿಲ್ಲ.

ಶರಣರು ಟೀಕಿಸಿದ್ದು ವೇಷವನ್ನಲ್ಲ, ವೇಷಕ್ಕೆ ತಕ್ಕ ನಡೆಯಿಲ್ಲದುದನ್ನು. ಈ ಟೀಕೆಯ ಮೊನೆ ರಂಗದ ನಟನ ಕಡೆಗಿಂತ ಹೆಚ್ಚಾಗಿ ಲಾಂಛನ ಹೊತ್ತು ತಿರುಗುವವರ ಕಡೆಗಿತ್ತು ಎಂಬುದನ್ನು ನಾವು ಮರೆಯಲಾಗದು. ನಟ ತಾನು ಬಣ್ಣ ಹಚ್ಚಿದ್ದೇನೆಂದು ಮೊದಲೇ ಹೇಳಿರುತ್ತಾನೆ, ಬೆಳಗಾಗುತ್ತಲೇ ತೆಗೆಯುತ್ತಾನೆ. ನಡೆಯಿಲ್ಲದೆ ವಿಭೂತಿ ಧರಿಸಿದವನ ಹಣೆಯ ಮೇಲಿನದು ಹಾಗೆ ತೆಗೆದಿಡುವ ಬಣ್ಣವೂ ಅಲ್ಲ.

ಆಕರ್ಷಣೆಯ ಪ್ರಶ್ನೆಯನ್ನು ಅತ್ಯಂತ ನೇರವಾಗಿ ಎದುರಿಸಿದವಳು ಅಕ್ಕಮಹಾದೇವಿ. ಹರಿಹರನ ರಗಳೆಯಲ್ಲಿ ಕೌಶಿಕರಾಜ ಆಕೆಯನ್ನು ಕಂಡು ಮೋಹಗೊಳ್ಳುವ ಪ್ರಸಂಗ ಎಲ್ಲರಿಗೂ ತಿಳಿದಿದೆ. ಆಕೆ ಸಿಂಗರಿಸಿಕೊಂಡು ಅವನ ಮುಂದೆ ನಿಂತವಳಲ್ಲ. ಮೋಹ ಹುಟ್ಟಿದ್ದು ನೋಡಿದವನಲ್ಲಿ. ಮುಂದೆ ಕಲ್ಯಾಣದ ಅನುಭವ ಮಂಟಪಕ್ಕೆ ಬಂದ ಆಕೆಯನ್ನು ಅಲ್ಲಮಪ್ರಭು ಪರೀಕ್ಷಿಸಿದ ಸಂವಾದವನ್ನು ‘ಶೂನ್ಯಸಂಪಾದನೆ’ ವಿಸ್ತರಿಸಿದೆ. ಎಲ್ಲವನ್ನೂ ತೊರೆದವಳು ಕೂದಲಿನಿಂದ ಮೈ ಮರೆಸಿಕೊಂಡುದೇಕೆ ಎಂಬುದು ಪ್ರಭುವಿನ ಪ್ರಶ್ನೆಯ ತಾತ್ಪರ್ಯ. ತನಗಾಗಿ ಅಲ್ಲ, ನೋಡುವವರಿಗೆ ನೋವಾಗದಿರಲೆಂದು ಎಂಬುದು ಅಕ್ಕನ ಉತ್ತರದ ತಾತ್ಪರ್ಯ. ಎಂಟುನೂರು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ತುಂಬಿದ ಸಭೆಯಲ್ಲಿ ನಿಂತು ಆಕರ್ಷಣೆಯ ಹೊಣೆ ಯಾರದೆಂಬುದನ್ನು ಹೀಗೆ ಬಿಡಿಸಿ ಹೇಳಿದಳು, ಸಭೆ ಕೇಳಿತು. ಸತ್ಯಭಾಮೆ ಒಡವೆ ಕಳಚಿದ್ದು ಮುನಿಸಿನಿಂದ, ಅಕ್ಕ ಕಳಚಿದ್ದು ವಿರಕ್ತಿಯಿಂದ. ಇಬ್ಬರೂ ನಮ್ಮ ಜನಕ್ಕೆ ಬೇಕಾದವರು.

ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಳೆದ ಶತಮಾನದ ರಂಗಭೂಮಿಗೆ ಬಂದರೆ ಒಂದು ವಿಚಿತ್ರ ಕಾಣುತ್ತದೆ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಮರಾಠಿ ರಂಗಭೂಮಿಯ ಗಾಳಿ ಇಲ್ಲಿ ಜೋರಾಗಿ ಬೀಸಿತು. ಆ ರಂಗಭೂಮಿಯ ದೊಡ್ಡ ಹೆಸರು ಬಾಲಗಂಧರ್ವ (1888–1967). ಅವರು ಗಂಡಸು, ಪ್ರಸಿದ್ಧರಾದದ್ದು ಹೆಣ್ಣುಪಾತ್ರಗಳಿಂದ. ಅವರು ಸೀರೆ ಉಟ್ಟ ರೀತಿ, ಮುಡಿ ಕಟ್ಟಿದ ರೀತಿ, ಮೂಗಿನ ನತ್ತು ಇವುಗಳನ್ನು ನೋಡಿ ಘನವಂತರ ಮನೆಯ ಹೆಂಗಸರು ತಾವೂ ಹಾಗೆ ಅಲಂಕರಿಸಿಕೊಂಡರು. ಹೆಣ್ಣು ಹೇಗೆ ಚೆಲುವೆಯಾಗಿ ಕಾಣಬೇಕೆಂಬುದನ್ನು ಹೆಣ್ಣಿಗೆ ಕಲಿಸಿದವನು ಬಣ್ಣ ಹಚ್ಚಿದ ಗಂಡಸು! ಅದರಲ್ಲಿ ಯಾರೂ ದೋಷ ಕಾಣಲಿಲ್ಲ, ಅದು ಕಲೆಯೆನಿಸಿತು. ನಮ್ಮ ಏಣಗಿ ಬಾಳಪ್ಪನವರೂ (1914–2017) ಆರಂಭದ ದಿನಗಳಲ್ಲಿ ಹೆಣ್ಣುಪಾತ್ರ ಮಾಡಿದವರೇ. ಅದೇ ಬಾಳಪ್ಪನವರು ಮುಂದೆ ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಬಸವಣ್ಣನವರಾಗಿ ನಿಂತಾಗ ನೋಡುಗರು ಕೈಮುಗಿದರು. ಸೆರಗು ಹೊದ್ದು ಕಾಡಿಗೆ ತೀಡಿಕೊಂಡಿದ್ದ ಮುಖ ಮತ್ತು ವಿಭೂತಿ ಧರಿಸಿದ ಮುಖ ಎರಡೂ ಒಬ್ಬರದೇ ಎಂಬುದು ಭಕ್ತರಿಗೆ ತೊಡಕೆನಿಸಲಿಲ್ಲ.

ಹೆಣ್ಣೇ ಹೆಣ್ಣಾಗಿ ರಂಗಕ್ಕೆ ಬಂದಾಗ ಮಾತ್ರ ಮಾತು ಬೇರೆಯಾಯಿತು. ಗಂಡಸಿನ ಮುಖದ ಬಣ್ಣ ಅವನ ಕೌಶಲವನ್ನು ತೋರಿಸಿದರೆ, ಹೆಂಗಸಿನ ಮುಖದ ಬಣ್ಣ ಅವಳ ನಡತೆಯನ್ನು ತೋರಿಸುತ್ತದೆಂದು ಊರು ತೀರ್ಮಾನಿಸಿತು. ಮುಖಕ್ಕೆ ಹಚ್ಚಿದ್ದು ಅದೇ ಸಫೇತ, ಅದೇ ಕಾಡಿಗೆ. ಪಾರಿಜಾತದಂತಹ ಆಟದಲ್ಲಿ ಪಾತ್ರದ ಉಡುಗೆ ಮನೆಯ ಉಡುಗೆಗೆ ಹತ್ತಿರವಿದ್ದುದರಿಂದ ನೋಡುಗ ಪಾತ್ರವನ್ನೂ ಪಾತ್ರಧಾರಿಣಿಯನ್ನೂ ಬೇರೆಯಾಗಿ ನೋಡಲಿಲ್ಲ. ಸತ್ಯಭಾಮೆಯ ಬಿಂಕ ಕಥೆಯದಾದರೂ ಅದನ್ನು ಆಡಿ ತೋರಿಸಿದವಳ ಹೆಸರಿಗೆ ಅಂಟಿತು. ಆ ಕಾಲದಲ್ಲಿ ರಂಗಕ್ಕೆ ಬಂದ ಸ್ತ್ರೀಯರಲ್ಲಿ ಅನೇಕರು ದೇವದಾಸಿ ಪದ್ಧತಿಗೆ ಸಿಕ್ಕ ಮನೆತನಗಳಿಂದ ಬಂದವರೆಂಬುದು ಈ ಶಂಕೆಗೆ ಇನ್ನಷ್ಟು ಎಣ್ಣೆ ಹೊಯ್ಯಿತು. ಸಂಗೀತ ಕಲಿಯುವ, ಜನರೆದುರು ಹಾಡುವ ಅವಕಾಶ ಅಂದು ಅಂಥ ಮನೆಗಳ ಹೆಣ್ಣುಮಕ್ಕಳಿಗೆ ಮಾತ್ರವೇ ಇತ್ತು. ‘ಕುಲೀನ’ ಮನೆಯವರು ತಮ್ಮ ಹೆಣ್ಣುಮಕ್ಕಳಿಗೆ ಹಾಡು ಕಲಿಸದೆ ಬಾಗಿಲು ಮುಚ್ಚಿಕೊಂಡು, ತೆರೆದ ಬಾಗಿಲಿನಿಂದ ಬಂದವರನ್ನು ಹಳಿದರು. ದೇವದಾಸಿಯರ ರಕ್ಷಣೆಗಾಗಿ ಮುಂಬಯಿ ಪ್ರಾಂತದಲ್ಲಿ ಕಾಯಿದೆ ಬಂದುದು 1934ರಲ್ಲಿ. ಕರ್ನಾಟಕದಲ್ಲಿ ಮುತ್ತು ಕಟ್ಟುವುದನ್ನು ನಿಷೇಧಿಸುವ ಕಾಯಿದೆ ರೂಪುಗೊಂಡುದು 1982ರಲ್ಲಿ. ಸವದತ್ತಿಯ ಗುಡ್ಡ ನಮ್ಮ ಜಿಲ್ಲೆಯಲ್ಲಿಯೇ ಇರುವಾಗ ಈ ತಾರೀಖುಗಳು ನಮಗೆ ಬರಿಯ ಅಂಕೆಗಳಲ್ಲ.

ಇಂತಹ ವಾತಾವರಣದಲ್ಲಿ ಕೌಜಲಗಿ ನಿಂಗಮ್ಮನಂಥವರು ರಂಗದಲ್ಲಿ ನಿಂತು ಹಾಡಿ ಗೆದ್ದರು ಎಂಬುದನ್ನು ಅರಿತರೆ ಅವರ ಸಾಧನೆಯ ಅಳತೆ ಸಿಗುತ್ತದೆ. ಪಾರಿಜಾತ ಬಣ್ಣದಿಂದ ಗೆಲ್ಲುವ ಆಟವಲ್ಲ, ಕಂಠದಿಂದ ಗೆಲ್ಲುವ ಆಟ. ಭಾಗವತನ ಪ್ರಶ್ನೆಗೆ ಅಲ್ಲಲ್ಲಿಯೇ ಮಾತು ಕಟ್ಟಿ ಉತ್ತರಿಸಬೇಕು. ರಾಗದಾರಿಯ ಪದಗಳನ್ನು ಬಯಲಿನ ತುದಿಗೆ ಮುಟ್ಟುವಂತೆ ಹಾಡಬೇಕು. ನಸುಕಿನವರೆಗೆ ದನಿ ಒಡೆಯಬಾರದು. ಮೊದಲ ಗಳಿಗೆಯಲ್ಲಿ ಮುಖದ ಬಣ್ಣ ಸೆಳೆಯಬಹುದು. ನಡುರಾತ್ರಿ ದಾಟಿದ ಮೇಲೆ ಬೆವರಿಗೆ ಅದು ಕರಗಿ ಇಳಿಯುತ್ತದೆ. ಆಗಲೂ ಜನ ಕದಲದೆ ಕುಳಿತರೆಂದರೆ ಅವರನ್ನು ಹಿಡಿದು ಕೂಡ್ರಿಸಿದ್ದು ಬೇರೆ ಯಾವುದೋ ಇರಬೇಕು. ರೂಪಕ್ಕೆ ಮರುಳಾಗಿ ಬಂದವನನ್ನು ವಿದ್ಯೆಯ ಕಡೆಗೆ ತಿರುಗಿಸುವ ಈ ಶಕ್ತಿಯನ್ನು ಹಳ್ಳಿಯ ಜನ ‘ಹಾಡಿಕಿ’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ.

ಮಠಮಾನ್ಯಗಳು ಈ ಬಣ್ಣದ ಜಗತ್ತಿಗೆ ಬೆನ್ನು ತಿರುಗಿಸಿ ಕುಳಿತವೆಂಬ ಕಲ್ಪನೆಯೂ ಸರಿಯಲ್ಲ. ಹೆಣ್ಣುಮಕ್ಕಳಿಗೆ ರಂಗದಲ್ಲಿ ಮೊದಮೊದಲು ಅವಕಾಶವಿತ್ತ ಕಂಪನಿಗಳಲ್ಲಿ ಒಂದಾದ ಕೊಣ್ಣೂರು ನಾಟಕ ಕಂಪನಿಯ ಒಡೆಯರು ಶಿವಮೂರ್ತಿಸ್ವಾಮಿ ಕಣಬರ್ಗಿಮಠ. ಹೆಸರೇ ಹೇಳುವಂತೆ ಮಠದ ಮನೆತನದವರು. ಇದಕ್ಕಿಂತ ದೊಡ್ಡ ಉದಾಹರಣೆ ಗದಗಿನದು. ಶಿವಯೋಗಮಂದಿರವನ್ನು 1909ರಲ್ಲಿ ಸ್ಥಾಪಿಸಿದ ಹಾನಗಲ್ಲ ಕುಮಾರ ಮಹಾಸ್ವಾಮಿಗಳವರು (1867–1930) ಅಂಧ ಬಾಲಕನೊಬ್ಬನನ್ನು ಸಂಗೀತಕ್ಕೆ ಹಚ್ಚಿದರು. ಆತನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳಾದರು (1892–1944). ಅಂಧ ಅನಾಥ ಮಕ್ಕಳ ಹೊಟ್ಟೆಗೂ ವಿದ್ಯೆಗೂ ದಾರಿ ಕಾಣದಾದಾಗ ಗವಾಯಿಗಳವರು ಮೊರೆಹೊಕ್ಕದ್ದು ನಾಟಕ ಕಂಪನಿಯನ್ನು. ಗುರು ಕುಮಾರೇಶ್ವರರ ಹೆಸರಿನಲ್ಲಿ ನಡೆದ ಆ ನಾಟ್ಯಸಂಘವನ್ನು ಪುಟ್ಟರಾಜ ಗವಾಯಿಗಳು (1914–2010) ಮುಂದುವರಿಸಿದರು, ತಾವೇ ನಾಟಕಗಳನ್ನು ರಚಿಸಿದರು. ಬಣ್ಣವನ್ನು ಕಣ್ಣಾರೆ ಕಾಣಲಾರದ ಮಕ್ಕಳಿಗೆ ಬಣ್ಣ ಅನ್ನವಾಯಿತು. ಗುರುಗಳಿಬ್ಬರೂ ಕಣ್ಣಿಲ್ಲದವರು, ತಮ್ಮ ಕಂಪನಿಯ ನಟ–ನಟಿಯರ ಮುಖದ ಮೇಲಿನ ಬಣ್ಣ ಅವರನ್ನು ಸೆಳೆಯುವ ಪ್ರಶ್ನೆಯೇ ಇರಲಿಲ್ಲ. ಅವರು ಕೇಳಿದ್ದು ಸ್ವರವನ್ನು.

ನಮ್ಮ ಗ್ರಾಮದೇವತೆಗಳ ವಿಷಯದಲ್ಲಿ ಜನರ ವರ್ತನೆ ಇನ್ನೂ ಸ್ವಾರಸ್ಯಕರ. ಕಟ್ಟಿಗೆಯ ಮೂರ್ತಿಯಾದ ದ್ಯಾಮವ್ವನಿಗೆ ಜಾತ್ರೆಗೆ ಮುಂಚೆ ಹೊಸ ಬಣ್ಣವಾಗಬೇಕು. ಬಣ್ಣ ಮುಗಿದು, ಕಣ್ಣು ಬರೆದು, ಸೀರೆ ಉಡಿಸಿದ ಮೇಲೆಯೇ ತಾಯಿ ಹೊರಬರುವುದು. ಶಿರಸಿಯ ಮಾರಿಕಾಂಬೆಗೂ ಇಂಥದೇ ವಿಧಿಯುಂಟು. ಬಣ್ಣವಿಲ್ಲದ ದೇವಿಯನ್ನು ನೋಡಬಾರದು, ಬಣ್ಣ ಹಚ್ಚಿದ ಹೆಂಗಸನ್ನು ಗೌರವಿಸಬಾರದು; ಈ ಎರಡು ಕಟ್ಟಳೆಗಳನ್ನೂ ಒಂದೇ ಊರು ಏಕಕಾಲಕ್ಕೆ ಪಾಲಿಸಿಕೊಂಡು ಬಂದಿತು.

ಮನೆಯೊಳಗಿನ ಅಲಂಕಾರದ ಮಾತನ್ನು ಸಂಕ್ಷೇಪವಾಗಿ ಹೇಳಬಹುದು. ಅರಿಸಿನ, ಕುಂಕುಮ, ಕಾಡಿಗೆ, ಹೂವು ಇವು ಮುತ್ತೈದೆಯ ಲಕ್ಷಣಗಳೆನಿಸಿದ್ದವು; ಆಕರ್ಷಣೆಯ ಸಾಧನಗಳೆಂದು ಯಾರೂ ಎಣಿಸಲಿಲ್ಲ. ಗಂಡ ತೀರಿಕೊಂಡ ದಿನವೇ ಅವುಗಳನ್ನು ಕಿತ್ತುಕೊಳ್ಳುವ ಕ್ರೌರ್ಯ ಶರಣರ ಉಪದೇಶವನ್ನು ಬಾಯಲ್ಲಿ ಹೇಳುವ ಮನೆಗಳಲ್ಲಿಯೂ ನಡೆಯಿತು. ವಿಭೂತಿ ಒಂದನ್ನು ಮಾತ್ರ ಯಾರೂ ಆಕೆಯಿಂದ ಕಸಿಯಲಾಗಲಿಲ್ಲ. ಮುಂಬಯಿಯಲ್ಲಿ 1919ರಲ್ಲಿ ಅಫ್ಘಾನ್ ಸ್ನೋ ಮಾರುಕಟ್ಟೆಗೆ ಬಂತು. 1952ರಲ್ಲಿ ಟಾಟಾ ಸಂಸ್ಥೆ ಲಾಕ್ಮೆಯನ್ನು ಆರಂಭಿಸಿತು. ಸೌಂದರ್ಯಸಾಧನಗಳಿಗಾಗಿ ಪರದೇಶಕ್ಕೆ ಹಣ ಹರಿಯುವುದನ್ನು ತಡೆಯಲೆಂದು ಪ್ರಧಾನಿ ನೆಹರೂ ಅವರೇ ಅದಕ್ಕೆ ಪ್ರೇರಣೆಯಿತ್ತರೆಂದು ಹೇಳುತ್ತಾರೆ. ಸ್ನೋ ಮತ್ತು ಪೌಡರಿನ ಡಬ್ಬಿಗಳು ಸಂತೆಯ ದಾರಿಯಿಂದ ಹಳ್ಳಿಗಳನ್ನು ಮುಟ್ಟಿದವು. ಚೌಕಿಯಲ್ಲಿ ಮಾತ್ರವಿದ್ದ ಬಣ್ಣ ಮನೆಯ ಕನ್ನಡಿಯ ಮುಂದೆ ಬಂದು ಕುಳಿತುದು ಹೀಗೆ. ನಟಿಯ ಮುಖದಲ್ಲಿ ನಡತೆಗೇಡೆನಿಸಿದ್ದು ಮದುಮಗಳ ಮುಖದಲ್ಲಿ ಕಳೆಯೆನಿಸಿತು. ಇಂದು ಮದುವೆಯ ದಿನ ಬಣ್ಣ ಹಚ್ಚುವವರನ್ನು ಬೆಳಗಾವಿಯಿಂದ ಹಣ ಕೊಟ್ಟು ಕರೆಸುವ ಮನೆಗಳಲ್ಲಿ, ಅಜ್ಜನ ಕಾಲಕ್ಕೆ ಪಾರಿಜಾತದ ಮೇಳದ ಹೆಣ್ಣುಮಕ್ಕಳಿಗೆ ಜಗುಲಿಯ ಮೇಲೆ ಕೂಡ್ರಗೊಡದ ಮನೆಗಳೂ ಇವೆ. ಇದನ್ನು ಹಳಿಯುವ ಉದ್ದೇಶದಿಂದ ಬರೆಯುತ್ತಿಲ್ಲ. ಬಣ್ಣದ ಬಗೆಗಿನ ನಮ್ಮ ಅಭಿಪ್ರಾಯಗಳು ಬಣ್ಣವನ್ನು ನೋಡಿ ಹುಟ್ಟಿದವಲ್ಲ, ಅದನ್ನು ಹಚ್ಚಿಕೊಂಡವರು ಯಾರೆಂಬುದನ್ನು ನೋಡಿ ಹುಟ್ಟಿದವು ಎಂಬುದು ಚರಿತ್ರೆಯಿಂದ ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರುವಾಗ ಬರೆಯದಿರುವುದು ಸರಿಯಲ್ಲ.

ಒಂದು ವಿನಂತಿ. ಪಾರಿಜಾತದ ಹಾಡುಗಳು ಅಚ್ಚಾಗಿವೆ, ವಿಶ್ವವಿದ್ಯಾಲಯಗಳಲ್ಲಿ ಅಭ್ಯಾಸವೂ ನಡೆದಿದೆ. ಆದರೆ ಚೌಕಿಯ ಚರಿತ್ರೆ ಮನೆಗಳ ಅಟ್ಟದ ಮೇಲೆ ಉಳಿಯುವಂಥದು. ಅರದಾಳ ಅರೆಯುತ್ತಿದ್ದ ಕಲ್ಲು, ಬಣ್ಣದ ತಗಡಿನ ಪೆಟ್ಟಿಗೆ, ಮಾಸಿದ ಸೆರಗು, ಮೇಳದವರು ಬೀಡಾರ ಮಾಡಿದ ಊರುಗಳನ್ನು ಗುರುತು ಹಾಕಿಕೊಂಡ ವಹಿ, ಆಟದ ವೀಳ್ಯದ ಲೆಕ್ಕ ಇವು ಕೌಜಲಗಿ, ಕುಲಗೋಡ, ಮೂಡಲಗಿ, ಹುಕ್ಕೇರಿ ಸುತ್ತಿನ ಯಾವ ಮನೆಯಲ್ಲಾದರೂ ಇದ್ದಲ್ಲಿ ಗುಜರಿಗೆ ಹಾಕದೆ ಇಟ್ಟುಕೊಳ್ಳಬೇಕು. ಪ್ರಸಾದನಿಲಯದಲ್ಲಿ ಓದಿ ಈಗ ಆ ಭಾಗದ ಶಾಲೆಗಳಲ್ಲಿ ಕಲಿಸುತ್ತಿರುವ ಹಳೆಯ ವಿದ್ಯಾರ್ಥಿಗಳು ಮೇಳದಲ್ಲಿದ್ದ ಹಿರಿಯ ಹೆಣ್ಣುಮಕ್ಕಳನ್ನು ಕಂಡು, ಅವರು ಒಪ್ಪಿದರೆ ಅವರ ಮಾತನ್ನು ಅವರದೇ ನುಡಿಯಲ್ಲಿ ಬರೆದುಕೊಳ್ಳಲಿ. ಯಾವ ಊರಿನಲ್ಲಿ ಯಾರ ಮನೆಯವರು ಮುಖ ತೊಳೆಯಲು ಬಿಸಿನೀರು ಕೊಟ್ಟರೆಂಬುದನ್ನೂ ಕೇಳಿ ಬರೆದಿಡಲಿ.